ಪವರ್‌ಬ್ಯಾಂಕ್ ನಂಬಿ ಊರಿಗೆ ಹೋದೆ, ಅಜ್ಜಿಯ ಗಿಡಗಳೆಲ್ಲ ಒಣಗಿದವು

ಪವರ್‌ಬ್ಯಾಂಕ್‌ಗೆ ಇಎಸ್‌ಪಿ32, ಆರ್ಡುಯಿನೊ ಥರದ, ನಾವು ಬರೆದ ಕೋಡ್ ಓಡಿಸುವ ಪುಟ್ಟ ಕಂಪ್ಯೂಟರ್ ಬೋರ್ಡ್ ಸಿಕ್ಕಿಸಿ ದಿನಗಟ್ಟಲೆ ಬಿಟ್ಟು ಹೋಗುವ ಯೋಚನೆ ಇದ್ದವರು ದಯವಿಟ್ಟು ಇದನ್ನು ಓದಿ. ನಾನು ಹಾಗೆ ಬಿಟ್ಟು ಹೋಗಿದ್ದೆ. ಒಣಗಿದ್ದು ನನ್ನ ಗಿಡಗಳಾಗಿದ್ದರೆ ಬಹುಶಃ ಇದನ್ನು ಬರೆಯುತ್ತಿರಲಿಲ್ಲ.

ನಾವಿರುವುದು ಬೆಂಗಳೂರಿನಲ್ಲಿ, ಬಾಡಿಗೆ ಮನೆ. ಕೆಳಗಡೆ ಮನೆ ಓನರ್ ಅಜ್ಜಿ ಒಬ್ಬರೇ ಇರುತ್ತಾರೆ. ಟೆರೇಸ್ ಮೇಲೆ ಅವರದ್ದು ಇಪ್ಪತ್ತಾರು ಕುಂಡ. ದುಂಡುಮಲ್ಲಿಗೆ, ಕನಕಾಂಬರ, ಕರಿಬೇವು, ವೀಳ್ಯದೆಲೆ ಬಳ್ಳಿ, ದೊಡ್ಡಪತ್ರೆ. ಕಳೆದ ಏಪ್ರಿಲ್‌ನಲ್ಲಿ ಅವರು ಮೈಸೂರಿಗೆ, ಮಗಳ ಮನೆಗೆ ಹೊರಟರು. "ಗಿಡ ನೋಡ್ಕೊಳ್ತೀಯಲ್ಲಪ್ಪ?" ಅಂತ ಕೇಳಿದರು. "ನೀವು ನಿಶ್ಚಿಂತೆಯಿಂದ ಹೋಗಿ ಬನ್ನಿ ಅಜ್ಜಿ" ಅಂದೆ. ಆಮೇಲೆ ನನಗೂ ಊರಲ್ಲಿ ಮದುವೆ ಬಂತು, ಒಂಬತ್ತು ದಿನ ಹೋಗಲೇಬೇಕಾಯಿತು.

ಐವತ್ತು ಲೀಟರ್ ಡ್ರಮ್, ಅದರೊಳಗೆ 5 ವೋಲ್ಟ್‌ನ ಪುಟ್ಟ ಪಂಪ್, ಸಣ್ಣ ಡ್ರಿಪ್ ಪೈಪ್, ಮಣ್ಣಿನ ತೇವ ನೋಡುವ ಸೆನ್ಸರ್, ಒಂದು ಇಎಸ್‌ಪಿ32 ಬೋರ್ಡ್. ಮೊದಲು ಬರೆದ ಕೋಡ್‌ನಲ್ಲಿ ವೈಫೈ ಯಾವಾಗಲೂ ಆನ್ ಇರುತ್ತಿತ್ತು. 10000 ಎಂಎಎಚ್ ಪವರ್‌ಬ್ಯಾಂಕ್‌ನಲ್ಲಿ ಎರಡೂವರೆ ದಿನ ಚೆನ್ನಾಗಿ ಓಡಿತು. ಒಂಬತ್ತು ದಿನಕ್ಕೆ ಅದು ಸಾಲದು ಅಲ್ವಾ? ಅದಕ್ಕೆ ಡೀಪ್ ಸ್ಲೀಪ್ ಸೇರಿಸಿದೆ, ಅಂದರೆ ಕೆಲಸವಿಲ್ಲದಾಗ ಬೋರ್ಡ್ ಬಹುತೇಕ ಆಫ್ ಆಗಿ ಮಲಗುವ ಏರ್ಪಾಡು. ಅರ್ಧ ಗಂಟೆಗೊಮ್ಮೆ ಎದ್ದು ಮಣ್ಣು ನೋಡು, ಒಣಗಿದ್ದರೆ ನೀರು ಬಿಡು, ಮತ್ತೆ ಮಲಗು. ಡ್ರಮ್‌ನಲ್ಲಿ ನೀರು ಕಡಿಮೆಯಾದರೆ ಮಾತ್ರ ನನಗೆ ಮೆಸೇಜ್ ಕಳಿಸು. ಈ ಹೊಸ ಕೋಡನ್ನು ಲ್ಯಾಪ್‌ಟಾಪ್‌ಗೆ ಕೇಬಲ್ ಹಾಕಿ ಇಡೀ ರಾತ್ರಿ ಪರೀಕ್ಷೆ ಮಾಡಿದೆ. ಒಂದು ಸಲವೂ ತಪ್ಪಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಪವರ್‌ಬ್ಯಾಂಕ್‌ಗೆ ಸಿಕ್ಕಿಸಿ ಬಟನ್ ಒತ್ತಿದೆ. ಪಂಪ್ ಓಡಿತು, ಎಲ್ಲ ಕುಂಡಕ್ಕೂ ನೀರು ಬಿತ್ತು. ಬೀಗ ಹಾಕಿ ಬಸ್ ಹತ್ತಿದೆ. ಒಂಬತ್ತು ದಿನ ಒಂದೂ ಮೆಸೇಜ್ ಬರಲಿಲ್ಲ. ನೀರು ಇನ್ನೂ ಇದೆ, ಎಲ್ಲ ಸರಿಯಾಗಿದೆ ಅಂದುಕೊಂಡೆ.

ವಾಪಸ್ ಬಂದು ನೋಡಿದರೆ ಡ್ರಮ್ ಹೆಚ್ಚುಕಡಿಮೆ ತುಂಬಿಯೇ ಇತ್ತು. ಮಣ್ಣು ಕುಂಡದ ಅಂಚು ಬಿಟ್ಟು ಬಿರಿದಿತ್ತು. ಕನಕಾಂಬರ ಮುಟ್ಟಿದರೆ ಪುಡಿಯಾಗುತ್ತಿತ್ತು. ವೀಳ್ಯದೆಲೆ ಬಳ್ಳಿ ದಾರದ ಹಾಗೆ ಗೋಡೆಗೆ ಅಂಟಿಕೊಂಡಿತ್ತು. ದೊಡ್ಡಪತ್ರೆ ಮಾತ್ರ ಬಾಡಿದರೂ ಬದುಕಿತ್ತು.

ಬೋರ್ಡ್ ಸುಟ್ಟಿರಬೇಕು ಅಂತ ಪವರ್‌ಬ್ಯಾಂಕ್‌ನ ಬಟನ್ ಒತ್ತಿದೆ. ಬೋರ್ಡ್ ಎದ್ದಿತು, ಪಂಪ್ ಓಡಿತು! ಕೈಯಲ್ಲಿ ಗಡಿಯಾರ ಹಿಡಿದು ಅಲ್ಲೇ ನಿಂತೆ. ಪಂಪ್ ನಿಂತಿತು, ಬೋರ್ಡ್ ಮಲಗಿತು. ಸುಮಾರು ಅರ್ಧ ನಿಮಿಷ ಕಳೆಯಿತು. ಬೋರ್ಡ್ ಮೇಲಿನ ಪುಟ್ಟ ಕೆಂಪು ದೀಪವೂ ಆರಿತು. ಅಂದರೆ ನಾನು ಮೆಟ್ಟಿಲು ಇಳಿದು ಬೀಗ ಹಾಕುವ ಹೊತ್ತಿಗೇ ಅದು ಆಫ್ ಆಗಿತ್ತು. ಒಂಬತ್ತು ದಿನದಲ್ಲಿ ಆ ಗಿಡಗಳಿಗೆ ಸಿಕ್ಕಿದ್ದು ಒಂದೇ ಸಲದ ನೀರು.

ಕಾರಣ ಇದು. ಪವರ್‌ಬ್ಯಾಂಕ್ ಇರುವುದೇ ಫೋನ್ ಚಾರ್ಜ್ ಮಾಡಲಿಕ್ಕೆ. ಫೋನ್ ತುಂಬುತ್ತಾ ಬಂದ ಹಾಗೆ ಅದು ಎಳೆಯುವ ಕರೆಂಟ್ ಇಳಿಯುತ್ತದೆ, ಆಗ ಒಳಗಿನ ಚಿಪ್ ಕೆಲಸ ಮುಗಿಯಿತು ಅಂತ ಔಟ್‌ಪುಟ್ ನಿಲ್ಲಿಸುತ್ತದೆ. ಸೆಲ್‌ನ 3.7 ವೋಲ್ಟನ್ನು 5 ವೋಲ್ಟ್‌ಗೆ ಏರಿಸುವ ಸರ್ಕ್ಯೂಟ್ ಸುಮ್ನೆ ಆನ್ ಇದ್ದರೂ ಬ್ಯಾಟರಿ ತಿನ್ನುತ್ತದೆ, ಹಾಗಾಗಿ ಫೋನ್ ಮಟ್ಟಿಗೆ ಇದು ಸರಿಯಾದ ಏರ್ಪಾಡೇ. ಕಡಿಮೆ ಬೆಲೆಯ ಪವರ್‌ಬ್ಯಾಂಕ್‌ಗಳಲ್ಲಿ, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಯಲ್ಲಿ ಸಿಗುವ ಬಿಡಿ ಮಾಡ್ಯೂಲ್‌ಗಳಲ್ಲಿ ಐಪಿ5306 ಅನ್ನುವ ಚಿಪ್ ತುಂಬಾ ಬಳಕೆಯಲ್ಲಿದೆ. ಲೋಡ್, ಅಂದರೆ ಸಿಕ್ಕಿಸಿದ ಸಾಧನ ಎಳೆಯುವ ಕರೆಂಟ್, ಸುಮಾರು 45 ಮಿಲಿಆಂಪ್‌ಗಿಂತ ಕಡಿಮೆಯಾಗಿ 32 ಸೆಕೆಂಡ್ ಕಳೆದರೆ ಅದು ಆಫ್ ಆಗುತ್ತದೆ. ಮಲಗಿದ ನನ್ನ ಬೋರ್ಡ್ ಎಳೆಯುತ್ತಿದ್ದದ್ದು 9 ಮಿಲಿಆಂಪ್. ಇಎಸ್‌ಪಿ32 ಚಿಪ್ ಒಂದೇ ಆದರೆ ಡೀಪ್ ಸ್ಲೀಪ್‌ನಲ್ಲಿ ಮೈಕ್ರೋಆಂಪ್ ಲೆಕ್ಕ. ಬೋರ್ಡ್ ಮೇಲಿನ ದೀಪ, ವೋಲ್ಟೇಜ್ ಇಳಿಸಿ ಕೊಡುವ ರೆಗ್ಯುಲೇಟರ್, ಯುಎಸ್‌ಬಿ ಚಿಪ್ ಸೇರಿ ಇಷ್ಟಾಗುತ್ತದೆ. ಹಳೆಯ ಕೋಡ್ ಓಡಿದ್ದು ವೈಫೈ 100 ಮಿಲಿಆಂಪ್ ಹತ್ತಿರ ಎಳೆಯುತ್ತಿದ್ದ ಕಾರಣ. ಬ್ಯಾಟರಿ ಉಳಿಸಲು ನಾನು ಮಾಡಿದ ಬದಲಾವಣೆಯೇ ಗಿಡಗಳನ್ನು ಕೊಂದಿತು. ಒಮ್ಮೆ ಆಫ್ ಆದ ಪವರ್‌ಬ್ಯಾಂಕನ್ನು ಎಬ್ಬಿಸಲು ಯಾರಾದರೂ ಬಟನ್ ಒತ್ತಬೇಕು. ಬೋರ್ಡ್‌ಗೆ ಅದು ಸಾಧ್ಯವಿಲ್ಲ.

ಇದಕ್ಕೆ ನಾಲ್ಕು ಉಪಾಯ ಸಿಗುತ್ತವೆ. ಎಲ್ಲವನ್ನೂ ಮಾಡಿ ನೋಡಿದ್ದೇನೆ, ಒಂದನ್ನೂ ಕಣ್ಣು ಮುಚ್ಚಿ ನಂಬಬೇಡಿ. ಕೆಲವು ಪವರ್‌ಬ್ಯಾಂಕ್‌ಗಳಲ್ಲಿ ಬಟನ್ ಎರಡು ಸಲ ಒತ್ತಿದರೆ ಕಡಿಮೆ ಕರೆಂಟ್ ಮೋಡ್ ಬರುತ್ತದೆ, ಇಯರ್‌ಫೋನ್, ವಾಚ್ ಚಾರ್ಜ್ ಮಾಡಲಿಕ್ಕೆ ಅಂತ. ನನ್ನ ಹತ್ತಿರ ಇದ್ದದ್ದರಲ್ಲಿ ಎರಡು ಗಂಟೆಗೆ ಅದೂ ನಿಂತಿತು. ಇನ್ನೊಂದು, ಸುಳ್ಳು ಲೋಡ್ ಹಾಕುವುದು. 47 ಓಮ್ ರೆಸಿಸ್ಟರನ್ನು ಟ್ರಾನ್ಸಿಸ್ಟರ್ ಮೂಲಕ 20 ಸೆಕೆಂಡಿಗೊಮ್ಮೆ ಒಂದು ಸೆಕೆಂಡ್ ಆನ್ ಮಾಡಿದರೆ 100 ಮಿಲಿಆಂಪ್‌ನ ಒಂದು ಎಳೆತ ಸಿಗುತ್ತದೆ. ಒಂದು ಪವರ್‌ಬ್ಯಾಂಕ್‌ಗೆ ಅಷ್ಟು ಸಾಕಾಯಿತು. ಇನ್ನೊಂದು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, ಆಫ್ ಆಯಿತು. ಅಲ್ಲದೆ ಕೋಡ್ ಎಲ್ಲಾದರೂ ಸಿಕ್ಕಿಕೊಂಡು ಆ ಲೋಡ್ ಆನ್ ಆಗಿಯೇ ಉಳಿದರೆ ರೆಸಿಸ್ಟರ್‌ನಲ್ಲಿ ಅರ್ಧ ವ್ಯಾಟ್ ಬಿಸಿ ಏಳುತ್ತದೆ. ನಾನು ಹಾಕಿದ್ದು ಕಾಲು ವ್ಯಾಟ್‌ನದು. ಪ್ಲಾಸ್ಟಿಕ್ ಡಬ್ಬಿಯ ಗೋಡೆ ಮೆತ್ತಗಾಗಿತ್ತು. ಹಾಕುವುದಾದರೆ ಒಂದು ವ್ಯಾಟ್‌ಗಿಂತ ಕಡಿಮೆಯದು ಬೇಡ.

ಮೂರನೆಯದು, ಪವರ್‌ಬ್ಯಾಂಕನ್ನು ಚಾರ್ಜರ್‌ಗೆ ಸಿಕ್ಕಿಸಿಟ್ಟು ಅದರಿಂದಲೇ ಬೋರ್ಡ್ ಓಡಿಸುವುದು, ಯುಪಿಎಸ್ ಥರ. ಬಹಳಷ್ಟು ಪವರ್‌ಬ್ಯಾಂಕ್‌ಗಳಲ್ಲಿ ಕರೆಂಟ್ ಹೋದಾಗಲೂ ಬಂದಾಗಲೂ ಔಟ್‌ಪುಟ್ ಒಂದು ಕ್ಷಣ ಕಡಿದುಹೋಗುತ್ತದೆ. ಇಎಸ್‌ಪಿ32 ಆದರೆ ಮತ್ತೆ ಶುರುವಾಗುತ್ತದೆ, ತೊಂದರೆ ಕಡಿಮೆ. ಎಸ್‌ಡಿ ಕಾರ್ಡ್‌ನಿಂದ ಓಡುವ ಪುಟ್ಟ ಕಂಪ್ಯೂಟರ್ ರಾಸ್‌ಬೆರಿ ಪೈ ಹಾಗಲ್ಲ. ಬರೆಯುತ್ತಿರುವಾಗ ಕರೆಂಟ್ ಕಡಿದರೆ ಎಸ್‌ಡಿ ಕಾರ್ಡ್ ಕೆಡಬಹುದು. ನನ್ನ ಗೆಳೆಯನೊಬ್ಬನ ಆರು ತಿಂಗಳ ಹವಾಮಾನ ದಾಖಲೆ ಹೀಗೇ ಹೋಯಿತು. ನಾಲ್ಕನೆಯದು ಇನ್ನೂ ದೊಡ್ಡ ಪವರ್‌ಬ್ಯಾಂಕ್ ಕೊಳ್ಳುವುದು. ಆಫ್ ಆಗುವ ಚಿಪ್ ಅದರಲ್ಲೂ ಇರುತ್ತದೆ, ದುಡ್ಡು ದಂಡ. ಜೊತೆಗೆ ಡಬ್ಬಿ ಮೇಲಿನ 20000 ಅನ್ನುವುದು 3.7 ವೋಲ್ಟ್ ಸೆಲ್‌ನ ಲೆಕ್ಕ. 5 ವೋಲ್ಟ್‌ಗೆ ಅದು 14800 ಆಗುತ್ತದೆ, ಏರಿಸುವಾಗಿನ ನಷ್ಟ ಕಳೆದರೆ ಕೈಗೆ ಸಿಗುವುದು 13000 ಆಸುಪಾಸು. ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ರೇಟೆಡ್ ಕೆಪಾಸಿಟಿ ಅಂತ ಬರೆದಿರುತ್ತಾರೆ, ಲೆಕ್ಕಕ್ಕೆ ಅದನ್ನೇ ಹಿಡಿಯಿರಿ.

ಬಿಸಿಲಿನ ವಿಷಯ ಇದೆಲ್ಲಕ್ಕಿಂತ ಮುಖ್ಯ. ನಾನು ಪವರ್‌ಬ್ಯಾಂಕನ್ನು ಮಳೆ ಬಂದರೆ ಅಂತ ಗಾಳಿಯಾಡದ ಡಬ್ಬಿಯಲ್ಲಿಟ್ಟು ಟೆರೇಸ್ ಮೇಲೆ ಬಿಟ್ಟಿದ್ದೆ. ಏಪ್ರಿಲ್ ಬಿಸಿಲಿಗೆ ಒಳಗೆ ಎಷ್ಟು ಕಾದಿರಬೇಕು! ತೆಗೆದಾಗ ಅದರ ಹೊಟ್ಟೆ ಉಬ್ಬಿ ಜೋಡಣೆಯ ಗೆರೆ ಬಿಟ್ಟುಕೊಂಡಿತ್ತು. ಲಿಥಿಯಂ ಸೆಲ್‌ಗಳನ್ನು ಸಾಮಾನ್ಯವಾಗಿ 45 ಡಿಗ್ರಿ ಮೇಲೆ ಚಾರ್ಜ್ ಮಾಡಬಾರದು, ಸೋಲಾರ್ ಪ್ಯಾನೆಲ್ ಸೇರಿಸಿ ಅದೇ ಡಬ್ಬಿಯಲ್ಲಿಡುವವರು ಇದನ್ನು ನೆನಪಿಡಿ. ಉಬ್ಬಿದ್ದನ್ನು ಒತ್ತಬೇಡಿ, ಚುಚ್ಚಬೇಡಿ, ಮತ್ತೆ ಚಾರ್ಜ್‌ಗೆ ಹಾಕಲೇಬೇಡಿ. ಕಸದ ಗಾಡಿಗೂ ಕೊಡಬೇಡಿ, ಗಾಡಿಯೊಳಗೆ ಜಜ್ಜಿಹೋದರೆ ಬೆಂಕಿ ಹತ್ತಬಹುದು. ನಾನು ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಟ್ಟು ಬಂದೆ.

ಈಗ ಟೆರೇಸ್‌ನಲ್ಲಿ ಪ್ಲಗ್ ಪಾಯಿಂಟ್ ಇರುವ ಕಡೆ ಹಳೆಯ ಫೋನ್ ಚಾರ್ಜರನ್ನು ಮಳೆ ತಾಗದ ಹಾಗೆ ಸಿಕ್ಕಿಸಿದ್ದೇನೆ, ಬ್ಯಾಟರಿಯೇ ಇಲ್ಲ. ಕರೆಂಟ್ ಹೋದರೆ ಗಿಡ ಎರಡು ಗಂಟೆ ಕಾಯುತ್ತದೆ, ಬಂದಾಗ ಬೋರ್ಡ್ ತಾನಾಗಿ ಏಳುತ್ತದೆ. ಪ್ಲಗ್ ಇಲ್ಲದ ಕಡೆ ರಕ್ಷಣಾ ಸರ್ಕ್ಯೂಟ್ ಇರುವ, 18650 ಅನ್ನುವ ಉರುಳೆ ಆಕಾರದ ಒಂದು ಲಿಥಿಯಂ ಸೆಲ್, ಎಚ್‌ಟಿ7833 ರೆಗ್ಯುಲೇಟರ್. ಅದನ್ನು ಬೋರ್ಡ್‌ನ 3.3 ವೋಲ್ಟ್ ಪಿನ್‌ಗೆ ಕೊಡುತ್ತೇನೆ. ಪಂಪ್ ಸೆಲ್‌ನಿಂದ ನೇರವಾಗಿ ಓಡುತ್ತದೆ. ನಿಲ್ಲಿಸುವ ಚಿಪ್ ಮಧ್ಯೆ ಇಲ್ಲ. ಸೆಲ್ ಕೊಳ್ಳುವಾಗ 9900 ಎಂಎಎಚ್ ಅಂತ ಬರೆದದ್ದನ್ನು ಮುಟ್ಟಬೇಡಿ. ಒಳ್ಳೆಯ 18650ರಲ್ಲಿ 3500 ಇದ್ದರೇ ಜಾಸ್ತಿ.

ಮೆಸೇಜ್ ಕಳಿಸುವ ಕ್ರಮವನ್ನೂ ಬದಲಿಸಿದೆ. ದಿನಾ ಬೆಳಿಗ್ಗೆ ಏಳಕ್ಕೆ "ಇದ್ದೇನೆ" ಅಂತ ಒಂದು ಮೆಸೇಜ್ ಬರಬೇಕು. ಬರದಿದ್ದರೆ ಪಕ್ಕದ ಮನೆಯವರಿಗೆ ಫೋನ್ ಮಾಡುತ್ತೇನೆ. ಇನ್ನು ಮುಂದೆ ಯಾವ ಕೋಡ್ ಆದರೂ ನಿಜವಾಗಿ ಬಳಸುವ ಬ್ಯಾಟರಿಯಲ್ಲೇ, ಅದೇ ಜಾಗದಲ್ಲೇ, ಕಡಿಮೆ ಅಂದರೆ ಎರಡು ದಿನ ಪರೀಕ್ಷೆ ಮಾಡುತ್ತೇನೆ. ಲ್ಯಾಪ್‌ಟಾಪ್‌ನಲ್ಲಿ ಓಡಿದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅಜ್ಜಿ ಬಂದಾಗ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಮಲ್ಲಿಗೆ ಕುಂಡದ ಹತ್ತಿರ ಕೂತಿದ್ದರು. ಅದು ಅವರ ತಾಯಿ ಮನೆಯಿಂದ ತಂದ ಗಿಡವಂತೆ. ಆವತ್ತಿನಿಂದ ದಿನಾ ಅದಕ್ಕೆ ಕೈಯಾರೆ ನೀರು ಹಾಕುತ್ತಿದ್ದೇನೆ, ಇನ್ನೂ ಚಿಗುರಿಲ್ಲ.

ಕಡಿಮೆ ಕರೆಂಟ್‌ನಲ್ಲೂ ಆಫ್ ಆಗದ ಪವರ್‌ಬ್ಯಾಂಕ್ ಯಾರಾದರೂ ಬಳಸುತ್ತಿದ್ದರೆ ಮಾಡೆಲ್ ಹೇಳಿ. ಎಷ್ಟು ಮಿಲಿಆಂಪ್‌ನಲ್ಲಿ, ಎಷ್ಟು ದಿನ ಓಡಿಸಿ ನೋಡಿದ್ದೀರಿ ಅನ್ನುವುದನ್ನೂ ಬರೆಯಿರಿ.