ಕಿಸೆ ಸೂಕ್ಷ್ಮದರ್ಶಕ: ಹಳೆಯ ರೆವಿನ್ಯೂ ಸ್ಟಾಂಪುಗಳೊಂದಿಗೆ ನಾಲ್ಕು ವರ್ಷ

ಅಂಕೋಲೆಯ ಅಜ್ಜನ ಮನೆಯಲ್ಲಿ ಸಿಕ್ಕ ತೆಂಗಿನ ವ್ಯಾಪಾರದ ರಶೀದಿಗಳಲ್ಲಿ ಒಂದಾಣೆಯ ಸ್ಟಾಂಪುಗಳಿದ್ದವು. 1899ರ ಸ್ಟಾಂಪ್ ಕಾಯಿದೆಯಂತೆ ಇಪ್ಪತ್ತು ರೂಪಾಯಿ ಮೀರಿದ ರಶೀದಿಗೆ ಅಂಟಿಸಬೇಕಾಗಿದ್ದವು ಅವು. ನನ್ನ ಹುಚ್ಚು ಅಲ್ಲಿಂದಲೇ ಹತ್ತಿಕೊಂಡಿತು. ಕಾಗದ ಗುರುತಿಸಲೆಂದು 60 ಪಟ್ಟು ಹಿಗ್ಗಿಸಿ ತೋರಿಸುವ, ದೀಪವಿರುವ ಈ ಪುಟ್ಟ ಸೂಕ್ಷ್ಮದರ್ಶಕವನ್ನು ತರಿಸಿಕೊಂಡೆ.

ಚಾಕ್ ಲೇಪಿತ ಕಾಗದದ ವಿಷಯದಲ್ಲಿ ಇದಕ್ಕೆ ಪೂರ್ತಿ ಅಂಕ. ಬ್ರಿಟಿಷ್ ವಸಾಹತುಗಳಲ್ಲಿ ಅಂಚೆಗೂ ಕಂದಾಯಕ್ಕೂ ಸಲ್ಲುತ್ತಿದ್ದ ಹಲವು ಸ್ಟಾಂಪುಗಳು ಸಾದಾ ಕಾಗದದಲ್ಲೂ ಲೇಪಿತ ಕಾಗದದಲ್ಲೂ ಬಂದಿವೆ. ಬೆಳ್ಳಿಯ ಮೊನೆಯಿಂದ ಗೀರಿದರೆ ಲೇಪನದ ಮೇಲೆ ಪೆನ್ಸಿಲಿನಂತೆ ಕಪ್ಪು ಗೆರೆ ಮೂಡುತ್ತದೆ. ಸ್ಟಾಂಪಿಗೆ ಅದೊಂದು ಗಾಯ, ನನ್ನ ಕೈ ಎಂದೂ ಅದಕ್ಕೆ ಒಗ್ಗಲಿಲ್ಲ. ಈಗ ಗೀರಬೇಕಾಗಿಲ್ಲ. ಸಾದಾ ಕಾಗದದಲ್ಲಿ ನಾರುಗಳು ಹುಲ್ಲಿನಂತೆ ಹೆಣೆದುಕೊಂಡು ಕಾಣುತ್ತವೆ, ಲೇಪಿತ ಕಾಗದದಲ್ಲಿ ಅವು ನುಣುಪಾದ ಪದರದಡಿ ಮುಚ್ಚಿಹೋಗಿರುತ್ತವೆ. ನೀರಿಗೆ ಹಾಕುವ ಮೊದಲೇ ಇದನ್ನು ನೋಡಿಕೊಳ್ಳಿ, ನೆನೆದರೆ ಲೇಪನದೊಂದಿಗೆ ಚಿತ್ರವೂ ಎದ್ದುಬರಬಹುದು.

ಲೇಡ್ ಕಾಗದದ, ಅಂದರೆ ತಯಾರಿಸುವಾಗಲೇ ತಂತಿಜಾಲರಿಯ ಅಚ್ಚು ಮೂಡಿದ ಕಾಗದದ, ಸಮಾನಾಂತರ ಗೆರೆಗಳಿಗೆ ಇದು ಪ್ರಯೋಜನವಿಲ್ಲ. ನೋಟದ ವ್ಯಾಪ್ತಿ ತೀರ ಕಿರಿದು. ಕಿಟಕಿಯ ಬೆಳಕಿಗೆ ಹಿಡಿದ ಬರಿಗಣ್ಣೇ ಮೇಲು. ವಾಟರ್‌ಮಾರ್ಕಿಗೂ ಅದೇ ಮಾತು.

ನನಗೆ ನಿಜವಾಗಿ ಬೇಸರ ತಂದದ್ದು ಇದರ ನೇರಳಾತೀತ ದೀಪ. ನೇರಳೆ ಬೆಳಕನ್ನೇ ಚೆಲ್ಲಿ ಕಾಗದದ ಹೊಳಪನ್ನು ಮರೆಮಾಡುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದ್ದೆಂದು ಕೊಂಡ ಸ್ಟಾಂಪೊಂದು ಇದರಡಿಯಲ್ಲಿ ಸಹಜವಾಗಿಯೇ ಕಂಡಿತ್ತು. ಆಮೇಲೆ 365 ನ್ಯಾನೊಮೀಟರ್‌ನ ಪ್ರತ್ಯೇಕ ಟಾರ್ಚ್ ತಂದು ನೋಡಿದರೆ ಇಡೀ ಕಾಗದ ನೀಲಿಯಾಗಿ ಬೆಳಗಿತು. ಅಂಥ ಹೊಳಪು ಕೊಡುವ ರಾಸಾಯನಿಕವನ್ನು ಆ ಕಾಲದ ಕಾಗದಕ್ಕೆ ಬೆರೆಸುತ್ತಿರಲಿಲ್ಲ. ಬಟ್ಟೆ ಸೋಪಿನ ಪುಡಿಯಲ್ಲಿಯೂ ಅದು ಇರುವುದರಿಂದ, ಯಾರೋ ತೊಳೆದಿರಬಹುದೆಂದು ನಾರುಗಳನ್ನೂ ಪರೀಕ್ಷಿಸಿದೆ. ಜತೆಯ ಅಸಲಿ ಸ್ಟಾಂಪಿನ ನಾರಿಗೂ ಇದರದ್ದಕ್ಕೂ ಹೋಲಿಕೆಯೇ ಇರಲಿಲ್ಲ.

ಕಾರವಾರದ ಉಪ್ಪುಗಾಳಿಗೆ ಎರಡನೆಯ ಮಳೆಗಾಲದಲ್ಲೇ ಸೆಲ್ಲಿನ ತಗಡು ತುಕ್ಕು ಹಿಡಿಯಿತು, ಮರಳುಕಾಗದದಿಂದ ಉಜ್ಜಿ ಸರಿಮಾಡಿಕೊಂಡೆ. ಈಗ ಜೂನ್ ಬಂದೊಡನೆ ಮೂರೂ ಸೆಲ್ ತೆಗೆದು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡುತ್ತೇನೆ. ಮಸೂರಕ್ಕೆ ಇನ್ನೂ ಬೂಷ್ಟು ಹತ್ತಿಲ್ಲ.