ಮುನಿರಾಬಾದ್ ಹಿನ್ನೀರಿನ ಮಕ್ಕಳ ಹಾಯಿದೋಣಿ ಪಂದ್ಯ: ತಪ್ಪು ತಿದ್ದಿದ ಬಗೆ

ತುಂಗಭದ್ರಾ ಜಲಾಶಯದ ಹಿನ್ನೀರಿನಲ್ಲಿ, ಮುನಿರಾಬಾದ್ ಕಡೆಯ ದಂಡೆಯಿಂದ ಎರಡು ದಿನ ನಡೆದ ಮಕ್ಕಳ ಹಾಯಿದೋಣಿ ಪಂದ್ಯಕ್ಕೆ ನನ್ನ ತಂಗಿಯ ಮಗಳನ್ನು ಕೊಪ್ಪಳದಿಂದ ಕರೆದುಕೊಂಡು ಹೋಗಿದ್ದೆ. ಊಟ, ಲೈಫ್ ಜಾಕೆಟ್, ರಕ್ಷಣಾ ದೋಣಿ ಎಲ್ಲವೂ ಕಟ್ಟಿದ ಶುಲ್ಕಕ್ಕೆ ತಕ್ಕಂತಿದ್ದವು. ಆದರೆ ಮಕ್ಕಳನ್ನು ಕಳುಹಿಸುವ ಪಾಲಕರಿಗೆ ಅದಕ್ಕಿಂತ ಮುಖ್ಯವಾಗಿ ತಿಳಿದಿರಬೇಕಾದದ್ದು, ಆಯೋಜಕರು ತಮ್ಮಿಂದಲೇ ಆದ ತಪ್ಪನ್ನು ಹೇಗೆ ವಿಚಾರಣೆ ಮಾಡಿದರು ಎಂಬುದು.

ಒಟ್ಟು 14 ಆಪ್ಟಿಮಿಸ್ಟ್ ದೋಣಿಗಳು, 5 ರೇಸ್‌ಗಳು. 15 ವರ್ಷದವರೆಗಿನ ಮಕ್ಕಳು ಒಬ್ಬೊಬ್ಬರೇ ನಡೆಸುವ ಪುಟ್ಟ ದೋಣಿಗಳಿವು. ಮೂರನೆಯ ರೇಸ್‌ನಲ್ಲಿ ನಮ್ಮ ಹುಡುಗಿಯ ದೋಣಿಯ ಮೂತಿ ಆರಂಭದ ಸಂಕೇತಕ್ಕೆ ಒಂದು ಗಳಿಗೆ ಮೊದಲೇ ಗೆರೆ ದಾಟಿತ್ತು. ರೇಸ್ ಸಮಿತಿಯವರು ಮರಳಿ ಕರೆಯುವ ಎಕ್ಸ್ ಬಾವುಟವನ್ನು, ಅಂದರೆ ಬಿಳಿಯ ಮೇಲೆ ನೀಲಿ ಅಡ್ಡಪಟ್ಟಿ ಉದ್ದಪಟ್ಟಿ ಇರುವುದನ್ನು, ಕೂಡಲೇ ಏರಿಸಿದರು. ಆದರೆ ಅದರ ಜೊತೆಗೆ ಕೂಗಬೇಕಾದ ಹಾರ್ನ್ ಕೂಗಲಿಲ್ಲ. ಅದರ ಗ್ಯಾಸ್ ಮುಗಿದಿತ್ತು. ಹುಡುಗಿ ಮುಂದೆ ಸಾಗಿ ಮೂರನೆಯವಳಾಗಿ ಮುಗಿಸಿದಳು. ಸಂಜೆ ಫಲಕ ನೋಡಿದರೆ ಅವಳ ಹೆಸರಿನ ಮುಂದೆ ಓಸಿಎಸ್, ಅಂದರೆ ಸಂಕೇತಕ್ಕೆ ಮೊದಲೇ ಗೆರೆ ದಾಟಿ ಸರಿಯಾಗಿ ಹೊರಡದ ದೋಣಿ, ಎಂದಿತ್ತು. ಕಡಿಮೆ ಅಂಕ ಗಳಿಸಿದವರು ಗೆಲ್ಲುವ ಈ ಆಟದಲ್ಲಿ ಅದರ ಬೆಲೆ ದೋಣಿಗಳ ಸಂಖ್ಯೆಗಿಂತ ಒಂದು ಹೆಚ್ಚು, ಎಂದರೆ 15 ಅಂಕ.

ಆರಂಭದ ಸಮಯವನ್ನು ಬಾವುಟದಿಂದಲೇ ಎಣಿಸಬೇಕು, ಅಲ್ಲಿ ಹಾರ್ನ್ ತಪ್ಪಿದರೆ ಲೆಕ್ಕಕ್ಕಿಲ್ಲ ಎಂಬುದು ನಿಯಮ. ಅದನ್ನೇ ಹಿಡಿದು "ಹಾರ್ನ್ ಬರದಿದ್ದರೇನು?" ಎಂದು ದಂಡೆಯ ಮೇಲೆ ಕೆಲವರು ವಾದಿಸಿದರು. ಮರಳಿ ಕರೆಯುವ ಸಂಕೇತದ ವಿಷಯ ಬೇರೆ. ಗೆರೆ ದಾಟಿದ ಮಗುವಿನ ಕಣ್ಣು ಗಾಳಿಯ ಮೇಲೂ ಮುಂದಿನ ಗುರುತಿನ ಮೇಲೂ ಇರುತ್ತದೆ, ಬಾವುಟ ಬೆನ್ನ ಹಿಂದೆ ಉಳಿಯುತ್ತದೆ. ಆದ್ದರಿಂದಲೇ ನಿಯಮ 29.1 ಬಾವುಟದ ಜೊತೆಗೆ ಒಂದು ಸದ್ದನ್ನೂ ಬೇಡುತ್ತದೆ. ಈ ಆಟದ ವಿಶ್ವ ಸಂಸ್ಥೆಯಾದ ವರ್ಲ್ಡ್ ಸೇಲಿಂಗ್ ನಿಯಮಗಳನ್ನು ಬಿಡಿಸಿ ಹೇಳಲು ಪ್ರಕಟಿಸಿದ ಪ್ರಕರಣಗಳಲ್ಲಿ 31ನೆಯದು ಇದನ್ನೇ ಸ್ಪಷ್ಟಪಡಿಸುತ್ತದೆ: ಬೇಕಾದ ಸದ್ದು ಬಾರದಿದ್ದಾಗ, ಅದು ಕೇಳುವಷ್ಟು ಹತ್ತಿರವಿದ್ದ ದೋಣಿ ಬಾವುಟ ಕಾಣದೆ ಮುಂದೆ ಹೋದರೆ ಅದಕ್ಕೆ ರಿಡ್ರೆಸ್, ಅಂದರೆ ಪರಿಹಾರ ಸಲ್ಲಬೇಕು, ಆದರೆ ತಾನು ಗೆರೆ ದಾಟಿದ್ದು ಅರಿವಿಗೆ ಬಂದಿದ್ದರೆ ಹಿಂತಿರುಗಿಯೇ ಬರಬೇಕು.

ಪರಿಹಾರದ ಅರ್ಜಿಯನ್ನು ಗಡುವಿನೊಳಗೆ ಬರೆದು ಕೊಟ್ಟೆವು. ನಮೂನೆ ಇಂಗ್ಲಿಷಿನಲ್ಲಿ ಮಾತ್ರ ಇದ್ದದ್ದು ಒಂದು ಕೊರತೆ. ಕನ್ನಡ ಶಾಲೆಯ ಮಕ್ಕಳೇ ಹೆಚ್ಚಿದ್ದ ಪಂದ್ಯದಲ್ಲಿ ಇದು ಸಣ್ಣ ಮಾತಲ್ಲ. ವಿಚಾರಣೆ ಮಾತ್ರ ಅಚ್ಚುಕಟ್ಟಾಗಿತ್ತು. ಹಾರ್ನ್ ಹಿಡಿದಿದ್ದವರು ಸದ್ದು ಬರಲಿಲ್ಲವೆಂದು ತಾವೇ ಒಪ್ಪಿಕೊಂಡರು. ವಿಚಾರಣಾ ಸಮಿತಿಯ ಅಧ್ಯಕ್ಷರು ಹುಡುಗಿಯನ್ನು ಮೆಲ್ಲಗೆ ಕೇಳಿದರು: "ಗೆರೆ ದಾಟಿದ್ದು ನಿನಗ ಗೊತ್ತಾಗಿತ್ತೇನವ್ವಾ?" "ಇಲ್ರೀ ಸರ್, ಗೊತ್ತಾಗಿದ್ರ ತಿರುಗಿ ಬರ್ತಿದ್ದೆ" ಎಂದಳು. ಉಳಿದ ನಾಲ್ಕು ರೇಸ್‌ಗಳಲ್ಲಿ ಅವಳು ಪಡೆದ 4, 6, 5, 3ರ ಸರಾಸರಿಯಾದ 4.5 ಅಂಕವನ್ನು ಮೂರನೆಯ ರೇಸ್‌ಗೆ ಕೊಟ್ಟರು. ಮೂರನೆಯ ಸ್ಥಾನವನ್ನೇ ಕೊಡಬೇಕಿತ್ತೆಂದು ತಂಗಿ ಹೇಳಿದಳು, ನಾನು ಒಪ್ಪಲಿಲ್ಲ. ಹಾರ್ನ್ ಕೂಗಿದ್ದರೆ ಅವಳು ಹಿಂದಿರುಗಿ ಮತ್ತೆ ಹೊರಡಬೇಕಿತ್ತು, ಆ ಹೊತ್ತಿಗೆ ಹಲವರು ಮುಂದೆ ಹೋಗಿರುತ್ತಿದ್ದರು. ಆ ಸ್ಥಾನ ಕೊಟ್ಟಿದ್ದರೆ ಸರಿಯಾಗಿ ಹೊರಟವರಿಗೆ ಅನ್ಯಾಯವಾಗುತ್ತಿತ್ತು.

ನನ್ನ ಮುಖ್ಯ ಆಕ್ಷೇಪ ಬೇರೆಯದು. ಅದೇ ರೇಸ್‌ನಲ್ಲಿ ಇನ್ನೊಬ್ಬ ಹುಡುಗನಿಗೂ ಓಸಿಎಸ್ ಬಿದ್ದಿತ್ತು. ಅವನ ತಂದೆ ಹಿನ್ನೀರಿನಲ್ಲೇ ಮೀನು ಹಿಡಿಯುವವರು. ಅರ್ಜಿ ಕೊಡಬಹುದೆಂಬುದೇ ಅವರಿಗೆ ತಿಳಿದಿರಲಿಲ್ಲ. ಕೇಳಿದವರಿರಲಿ, ಕೇಳದವರಿರಲಿ, ತಪ್ಪಿನಿಂದ ಬಾಧಿತವಾದ ಎಲ್ಲ ದೋಣಿಗಳಿಗೂ ಆದಷ್ಟು ನ್ಯಾಯವಾದ ಏರ್ಪಾಡು ಮಾಡಬೇಕೆಂದು ನಿಯಮವಿದ್ದರೂ ವಿಚಾರಣಾ ಸಮಿತಿ ಅವನನ್ನು ಮರೆತಿತ್ತು. ತರಬೇತುದಾರರು ನೆನಪಿಸಿದ ಮೇಲೆ ವಿಚಾರಣೆಯನ್ನು ಮತ್ತೆ ತೆರೆದು ಅವನಿಗೂ ಅದೇ ಪ್ರಶ್ನೆ ಕೇಳಿದರು. "ಮುಂದ ಹೋಗೀನಿ ಅಂತ ಗೊತ್ತಾಗಿತ್ರಿ. ಹಾರ್ನ್ ಬರ್ಲಿಲ್ಲ, ಅದಕ್ಕ ಹಂಗ ಹೋದೆ" ಎಂದ. ಅವನ 15 ಅಂಕ ಹಾಗೆಯೇ ಉಳಿಯಿತು. ನಿಯಮದಂತೆ ಅದು ಸರಿ, ಆದರೂ ನನಗೆ ಸಂಕಟವಾಯಿತು. ಅಧ್ಯಕ್ಷರು ಅವನ ತಂದೆಯ ಪಕ್ಕದಲ್ಲಿ ಕುಳಿತು, ಪ್ರಕರಣ 31ನ್ನು ಕನ್ನಡದಲ್ಲಿ ಬಿಡಿಸಿ, ಅವರಿಗೆ ತಿಳಿಯುವ ತನಕ ವಿವರಿಸಿದರು. ಇಂಥವರು ವಿಚಾರಣೆಗೆ ಕೂರುವುದಾದರೆ ಮುಂದಿನ ವರ್ಷವೂ ಶುಲ್ಕ ಕಟ್ಟುತ್ತೇನೆ. ಎರಡನೆಯ ಹಾರ್ನ್ ಒಂದನ್ನು ರೇಸ್ ಸಮಿತಿಯ ದೋಣಿಯಲ್ಲಿ ಇಟ್ಟುಕೊಳ್ಳಲಿ.