ಬೀಟ್‌ಸ್ಟಾರ್ಸ್‌ನಲ್ಲಿ ಬೀಟ್ ಕೊಳ್ಳುವ ಮುನ್ನ ಓದಬೇಕಾದ ಕರಾರು

ಸಾಹಿತ್ಯ ಸಿದ್ಧವಿದ್ದರೂ ಸಂಗೀತ ಮಾಡಿಸಲು ಹಣ ಸಾಲದ ಕನ್ನಡದ ರ‍್ಯಾಪ್ ಗಾಯಕರಿಗೆ ಬೀಟ್, ಅಂದರೆ ಹಾಡಿಗೆ ಹಿನ್ನೆಲೆಯಾಗುವ ಸಿದ್ಧ ಸಂಗೀತ, ಮಾರುವ ಆನ್‌ಲೈನ್ ಮಾರುಕಟ್ಟೆಗಳಿಂದ ನಿಜವಾಗಿಯೂ ಉಪಕಾರವಾಗಿದೆ. ಅವುಗಳಲ್ಲಿ ಹೆಚ್ಚು ಪರಿಚಿತವಾದದ್ದು ಏಬ್ ಬ್ಯಾಟ್ಶನ್ 2008ರಲ್ಲಿ ಅಮೆರಿಕದಲ್ಲಿ ಆರಂಭಿಸಿದ ಬೀಟ್‌ಸ್ಟಾರ್ಸ್. ಜಗತ್ತಿನ ನಾನಾ ಕಡೆಯ ಪ್ರೊಡ್ಯೂಸರ್‌ಗಳು, ಅಂದರೆ ಬೀಟ್ ತಯಾರಕರು, ಇಲ್ಲಿ ತಮ್ಮ ಬೀಟ್‌ಗಳಿಗೆ ತಾವೇ ಬೆಲೆ ಕಟ್ಟಿ ಮಾರುತ್ತಾರೆ. ಶೈಲಿ, ಭಾವ, ಶ್ರುತಿ, ವೇಗಗಳನ್ನು ನಮೂದಿಸಿ ಹುಡುಕುವ ವ್ಯವಸ್ಥೆ ಅಚ್ಚುಕಟ್ಟಾಗಿದೆ.

ಎಚ್ಚರ ಬೇಕಾಗುವುದು ಪರವಾನಗಿ ಆರಿಸುವಾಗ. ಒಂದೇ ಬೀಟಿಗೆ ಹಲವು ದರಗಳಿರುತ್ತವೆ: ಅಗ್ಗದ್ದು ಎಂಪಿ3 ಲೀಸ್ (ಷರತ್ತಿನ ಮೇಲೆ ಬಳಸುವ ಪರವಾನಗಿ), ಅದರ ಮೇಲೆ ಇನ್ನೂ ಉತ್ತಮ ಗುಣಮಟ್ಟದ ವೇವ್ ಕಡತ, ಆಮೇಲೆ ಪ್ರತಿ ವಾದ್ಯವನ್ನೂ ಬಿಡಿಬಿಡಿಯಾಗಿ ಕೊಡುವ ಸ್ಟೆಮ್ಸ್, ತುದಿಯಲ್ಲಿ ಮುಂದೆ ಇನ್ನಾರಿಗೂ ಮಾರದಂತೆ ಕೊಳ್ಳುವ ಎಕ್ಸ್‌ಕ್ಲೂಸಿವ್. ಲೀಸ್ ಪಡೆದ ಬೀಟನ್ನು ಇನ್ನೆಷ್ಟೋ ಜನರಿಗೆ ಮಾರುವ ಹಕ್ಕು ಪ್ರೊಡ್ಯೂಸರ್‌ಗೆ ಉಳಿದೇ ಇರುತ್ತದೆ. ಎಷ್ಟು ಸ್ಟ್ರೀಮ್‌ಗಳವರೆಗೆ ಬಳಸಬಹುದು, ಎಷ್ಟು ವಿಡಿಯೊ ಮಾಡಬಹುದು, ಟಿಕೆಟ್ ಇಟ್ಟ ಕಾರ್ಯಕ್ರಮದಲ್ಲಿ ಹಾಡಬಹುದೇ, ಅವಧಿ ಎಷ್ಟು ಎಂಬುದನ್ನೆಲ್ಲ ಆಯಾ ಮಾರಾಟಗಾರರೇ ನಿರ್ಧರಿಸುವುದರಿಂದ, ಒಬ್ಬರಲ್ಲಿ ಓದಿದ ಷರತ್ತನ್ನು ಇನ್ನೊಬ್ಬರಿಗೂ ಅನ್ವಯಿಸಿಕೊಳ್ಳುವಂತಿಲ್ಲ. ಖರೀದಿಯೊಂದಿಗೆ ಬರುವ ಕರಾರುಪತ್ರವೇ ಈ ಸೇವೆಯ ಅತ್ಯುತ್ತಮ ಭಾಗವೆಂದು ನನ್ನ ಅಭಿಪ್ರಾಯ; ಅದನ್ನು ಹಣ ಕೊಡುವ ಮೊದಲೇ ಓದಬೇಕು.

ಎಂಪಿ3 ಲೀಸನ್ನು ಅಭ್ಯಾಸಕ್ಕಲ್ಲದೆ ಬಿಡುಗಡೆಗೆ ನಾನು ಶಿಫಾರಸು ಮಾಡಲಾರೆ. ಸಾಧ್ಯವಾದರೆ ಸ್ಟೆಮ್ಸ್ ಕೊಳ್ಳುವುದೇ ಲೇಸು: ಒತ್ತಕ್ಷರಗಳು ತುಂಬಿದ ಸಾಲುಗಳನ್ನು ವೇಗವಾಗಿ ಹಾಡುವಾಗ ಡ್ರಮ್ಸ್‌ನ ಜೋಡಿತಾಳವಾದ ಹೈ-ಹ್ಯಾಟಿನ ಸದ್ದು ಮಾತನ್ನು ನುಂಗಿಬಿಡುತ್ತದೆ, ಅದೊಂದನ್ನೇ ತಗ್ಗಿಸುವ ಅವಕಾಶ ಸ್ಟೆಮ್ಸ್‌ನಲ್ಲಿ ಮಾತ್ರ ಇರುತ್ತದೆ. ಎಕ್ಸ್‌ಕ್ಲೂಸಿವ್ ಕೊಂಡವರಿಗೆ ಎಲ್ಲವೂ ತಮ್ಮದಾಯಿತೆಂಬ ಭಾವನೆ ಬರುವುದು ಸಹಜ. ಆದರೆ ಮೊದಲೇ ಮಾರಾಟವಾದ ಲೀಸ್‌ಗಳು ಸಾಮಾನ್ಯವಾಗಿ ಅವಧಿ ಮುಗಿಯುವವರೆಗೆ ಊರ್ಜಿತವಾಗಿಯೇ ಇರುತ್ತವೆ, ಸಂಯೋಜನೆಯ ರಾಯಧನದಲ್ಲಿ ಪ್ರೊಡ್ಯೂಸರ್ ತನ್ನ ಪಾಲನ್ನು, ಅನೇಕ ವೇಳೆ ಅರ್ಧದಷ್ಟನ್ನು, ಉಳಿಸಿಕೊಂಡಿರುತ್ತಾರೆ.

ಇನ್ನೊಂದು ತೊಡಕು ಸ್ಯಾಂಪಲ್‌ನದು, ಅಂದರೆ ಬೇರೆಯವರ ಧ್ವನಿಮುದ್ರಣದಿಂದ ಎತ್ತಿಕೊಂಡ ತುಣುಕಿನದು. ಅಮೆರಿಕದ ರ‍್ಯಾಪ್ ಗಾಯಕ ಲಿಲ್ ನಾಸ್ ಎಕ್ಸ್ ಇದೇ ತಾಣದಲ್ಲಿ 30 ಡಾಲರಿಗೆ ಕೊಂಡ ಬೀಟಿನ ಮೇಲೆ ಕಟ್ಟಿದ ‘ಓಲ್ಡ್ ಟೌನ್ ರೋಡ್’ 2019ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರ ಮೊದಲ ಸ್ಥಾನದಲ್ಲಿ 19 ವಾರ ಇತ್ತು. ನೆದರ್ಲೆಂಡ್ಸ್‌ನ ಯಂಗ್‌ಕಿಯೊ ತಯಾರಿಸಿದ ಆ ಬೀಟಿನೊಳಗೆ ನೈನ್ ಇಂಚ್ ನೇಲ್ಸ್ ತಂಡದ 2008ರ ವಾದ್ಯಸಂಗೀತದ ತುಣುಕಿತ್ತು, ಹೀಗಾಗಿ ಹಾಡಿನ ರಚನೆಯ ಶ್ರೇಯದಲ್ಲಿ ಆ ತಂಡದ ಟ್ರೆಂಟ್ ರೆಜ್ನರ್ ಮತ್ತು ಆಟಿಕಸ್ ರಾಸ್ ಅವರ ಹೆಸರುಗಳೂ ಸೇರಿದವು. ಸ್ಯಾಂಪಲ್‌ಗೆ ಅನುಮತಿ ಪಡೆಯುವ ಹೊಣೆಯನ್ನು ಅನೇಕ ಕರಾರುಗಳು ಕೊಳ್ಳುವವರ ಮೇಲೆಯೇ ಹೊರಿಸುತ್ತವೆ, ಆದ್ದರಿಂದ ಬೀಟ್ ಪೂರ್ತಿ ಸ್ವಂತದ್ದೇ ಎಂದು ಮಾರಾಟಗಾರರಿಂದ ಬರಹದಲ್ಲಿ ಕೇಳಿ ಪಡೆಯಬೇಕು. ಹಾಗೆಯೇ, ಲೀಸ್ ಪಡೆದ ಬೀಟಿನ ಹಾಡನ್ನು ಒಂದೇ ಧ್ವನಿ ಬಳಸಿದ ವಿಡಿಯೊಗಳನ್ನು ತಾನಾಗಿಯೇ ಪತ್ತೆಹಚ್ಚುವ ಯೂಟ್ಯೂಬ್‌ನ ಕಂಟೆಂಟ್ ಐಡಿಗೆ ಸೇರಿಸಲೇಬಾರದು; ಸೇರಿಸಿದರೆ ಅದೇ ಬೀಟ್ ಬಳಸಿದ ಉಳಿದ ಗಾಯಕರ ವಿಡಿಯೊಗಳ ಮೇಲೆ ಹಕ್ಕುದಾವೆ ಬೀಳುತ್ತದೆ.

ಸಂಗ್ರಹದ ಬಗ್ಗೆ ನನಗೆ ಅರೆಮನಸ್ಸಿನ ಮೆಚ್ಚುಗೆ. ಟ್ರ್ಯಾಪ್, ಡ್ರಿಲ್, ಬೂಮ್ ಬ್ಯಾಪ್ ಎಂಬ ರ‍್ಯಾಪ್ ಶೈಲಿಗಳ ಬೀಟ್‌ಗಳಿಗೆ ಬರವಿಲ್ಲ. ಭಾರತೀಯವೆಂಬ ಹಣೆಪಟ್ಟಿಯಲ್ಲಿ ಸಿಗುವುದು ಬಹುಮಟ್ಟಿಗೆ ಅದೇ ಟ್ರ್ಯಾಪಿನ ಮೇಲೆ ಸುತ್ತುವ ಸಿತಾರಿನ ತುಣುಕು. ತಮಟೆ ಅಥವಾ ಡೊಳ್ಳಿನ ನಡೆ ಬೇಕೆನ್ನುವವರು ಊರಿನ ಪ್ರೊಡ್ಯೂಸರ್‌ಗಳನ್ನೇ ಹುಡುಕುವುದು ಸೂಕ್ತ. ಆದರೆ ಅಲ್ಲಿ ವಾಟ್ಸ್ಆ್ಯಪ್ ಮಾತಿನ ಮೇಲೆ ವ್ಯವಹಾರ ಮುಗಿಸಬಾರದು. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿದ್ದು ಸಹಿ ಹೊಂದಿರಬೇಕು. ಅವಧಿಯನ್ನು ಬರೆಯದಿದ್ದರೆ 5 ವರ್ಷವೆಂದೂ ಪ್ರದೇಶವನ್ನು ಬರೆಯದಿದ್ದರೆ ಭಾರತಕ್ಕೆ ಮಾತ್ರವೆಂದೂ ಕಾನೂನು ಭಾವಿಸುತ್ತದೆ. ದುಬೈ, ಸಿಂಗಪುರದ ಕನ್ನಡಿಗರೂ ಕೇಳಲಿ ಎಂದು ಸ್ಪಾಟಿಫೈಗೆ ಏರಿಸುವ ಹಾಡಿಗೆ ಈ ಎರಡು ಸಾಲುಗಳು ಪತ್ರದಲ್ಲಿ ಇರಲೇಬೇಕು.